ಪಾತ್ರೆ ಖಾಲಿ ಇದ್ದರೆ ನಿಲ್ಲಿ: ನಿಟ್ಟುವಳ್ಳಿ ದಾರಿಯ ಮಂಡಕ್ಕಿ ಗಾಡಿ

ಮಂಡಕ್ಕಿ ಗಾಡಿ ಚೆನ್ನಾಗಿದೆಯೋ ಇಲ್ಲವೋ ಅಂತ ತಿಳಿಯೋಕೆ ನಾನು ಮೊದಲು ನೋಡುವುದು ಕಲಸುವ ಪಾತ್ರೆಯನ್ನು. ಅದರಲ್ಲಿ ಆಗಲೇ ಕಲಸಿಟ್ಟ ಮಂಡಕ್ಕಿ ಇದ್ದರೆ ಸ್ಕೂಟಿ ನಿಲ್ಲಿಸದೆ ಮುಂದೆ ಹೋಗುತ್ತೇನೆ. ಪಾತ್ರೆ ಖಾಲಿ ಇದ್ದು, ಪಕ್ಕದಲ್ಲಿ ಒಗ್ಗರಣೆ, ಈರುಳ್ಳಿ, ಟೊಮೆಟೊ ಬೇರೆ ಬೇರೆ ಇದ್ದರೆ ಇಳಿಯುತ್ತೇನೆ. ದಾವಣಗೆರೆಯಲ್ಲಿ ಸಂಜೆಯಾದರೆ ಮಂಡಕ್ಕಿ ಮೆಣಸಿನಕಾಯಿ (ನಮ್ಮಲ್ಲಿ ಮೆಣಸಿನಕಾಯಿ ಅಂದ್ರೆ ಬಜ್ಜಿ) ಸಿಗದ ಬೀದಿ ಕಡಿಮೆ. ಇಷ್ಟೊಂದು ಗಾಡಿಗಳಲ್ಲಿ ಆರಿಸಿಕೊಳ್ಳೋಕೆ ಒಂದು ಅಳತೆ ಬೇಕಲ್ವಾ? ನನ್ನದು ಇದು.

ಹೊರಗಿನವರು ನಮ್ಮ ಊರು ಅಂದ ಕೂಡಲೇ ಬೆಣ್ಣೆ ದೋಸೆ ಅಂತಾರೆ. ಅದು ಸರಿಯೇ. ಆದರೆ ಕೆಲಸ ಮುಗಿಸಿ ಬರುವ ಹೊತ್ತಿಗೆ ನಮಗೆ ಬೇಕಾಗುವುದು ಮಂಡಕ್ಕಿ. ಬೆಣ್ಣೆ ದೋಸೆಗೆ ಹೋಗಬೇಕಂದ್ರೆ ರಜೆ ಬೇಕು, ಜೊತೆಗೆ ಯಾರಾದರೂ ಬೇಕು. ಮಂಡಕ್ಕಿಗೆ ಹತ್ತು ನಿಮಿಷ ಸಾಕು, ಒಬ್ಬರೇ ಇದ್ದರೂ ಆಯ್ತು.

ನಾನು ಹೇಳುತ್ತಿರುವ ಗಾಡಿ ಇರುವುದು ಹದಡಿ ರಸ್ತೆಯಿಂದ ನಿಟ್ಟುವಳ್ಳಿ ಕಡೆ ಹೋಗುವ ದಾರಿಯಲ್ಲಿ. ಬೋರ್ಡ್ ಇಲ್ಲ. ಹಸಿರು ಬಣ್ಣದ ತಳ್ಳುಗಾಡಿ, ಮೇಲೆ ನೀಲಿ ತಾಡಪಾಲು, ಒಂದು ದೊಡ್ಡ ಬಲ್ಬು. ಗಂಡ ಹೆಂಡತಿ ಇಬ್ಬರೇ ನಡೆಸುತ್ತಾರೆ. ಅಣ್ಣ ಮಂಡಕ್ಕಿ ಕಲಸುತ್ತಾರೆ, ಅಕ್ಕ ಬಾಣಲೆ ನೋಡಿಕೊಳ್ಳುತ್ತಾರೆ. ಐದು ಗಂಟೆ ಸುಮಾರಿಗೆ ಒಲೆ ಹಚ್ಚಿದರೆ ಒಂಬತ್ತರವರೆಗೆ ಇರುತ್ತಾರೆ. ಮಂಡಕ್ಕಿ ಮೊದಲೇ ಖಾಲಿಯಾದರೆ ಮೊದಲೇ ಹೊರಡುತ್ತಾರೆ.

ನಾನು ಎಪಿಎಂಸಿ ಯಾರ್ಡಿನ ಒಂದು ದಲ್ಲಾಳಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಮೆಕ್ಕೆಜೋಳದ ಸೀಸನ್‌ನಲ್ಲಿ, ಅಂದ್ರೆ ದೀಪಾವಳಿ ಆಚೀಚೆ, ನಮಗೆ ತಲೆ ಎತ್ತೋಕೂ ಪುರುಸೊತ್ತು ಇರುವುದಿಲ್ಲ. ಬೆಳಿಗ್ಗೆ ರೈತರು ಚೀಲ ಇಳಿಸಿದಾಗಿನಿಂದ ಲಾಟ್ ನಂಬರ್, ಟೆಂಡರ್, ತೂಕ, ಹಮಾಲಿ, ಪಟ್ಟಿ. ಯಾರ್ಡ್ ತುಂಬಾ ಜೋಳದ ಧೂಳು. ಎಲ್ಲರ ಬಾಯಲ್ಲೂ ತೇವಾಂಶದ ಮಾತು. ಬೆಂಬಲ ಬೆಲೆಗೆ ಕೊಡಬೇಕಂದ್ರೆ ಜೋಳದ ತೇವಾಂಶ ಶೇ. 14 ದಾಟಬಾರದು. ಹೊರಗಿನ ಖರೀದಿದಾರರೂ ಮೀಟರ್ ಇಟ್ಟು ನೋಡಿಯೇ ರೇಟು ಹಾಕುತ್ತಾರೆ. ಹಿಂದಿನ ರಾತ್ರಿ ಮಳೆ ಬಿದ್ದಿದ್ದರೆ ರೈತರು ಸುಮ್ನೆ ಕೂತು ಮೀಟರನ್ನೇ ನೋಡುತ್ತಿರುತ್ತಾರೆ. ಅದನ್ನು ನೋಡೋಕೆ ಕಷ್ಟವಾಗುತ್ತದೆ. ಮಧ್ಯಾಹ್ನದ ಡಬ್ಬಿ ಲೆಡ್ಜರ್ ಪಕ್ಕದಲ್ಲೇ ತೆರೆದು ಅಲ್ಲೇ ಮುಚ್ಚುವುದು. ಹಾಗಾಗಿ ಸಂಜೆ ನನಗೆ ಬೇಕಾಗುವುದು ಕರುಂ ಕುರುಂ ಅನ್ನುವಂಥದ್ದು, ಖಾರವಾಗಿರುವಂಥದ್ದು, ಯಾರ ಜೊತೆಗೂ ಮಾತಾಡದೆ ನಿಂತು ತಿನ್ನುವಂಥದ್ದು.

ಮಂಡಕ್ಕಿಗೂ ತೇವವೇ ಶತ್ರು. ಹೇಗೆ ಮಾಡುತ್ತಾರೆ ಅಂತ ನೋಡಿದವರಿಗೆ ಇದು ಗೊತ್ತಿರುತ್ತದೆ. ನಮ್ಮ ಊರಿನ ಮಂಡಕ್ಕಿ ಭಟ್ಟಿಗಳಲ್ಲಿ ಭತ್ತ ನೆನೆಸಿ, ಬಿಸಿ ಮಾಡಿ, ಒಣಗಿಸಿ, ಗಿರಣಿಗೆ ಹಾಕಿ ಅಕ್ಕಿ ಮಾಡಿಕೊಳ್ಳುತ್ತಾರೆ. ಆ ಅಕ್ಕಿಗೆ ಉಪ್ಪುನೀರು ಬೆರೆಸಿ, ಮತ್ತೆ ಒಣಗಿಸಿ, ಕಾದ ಮರಳಿನಲ್ಲಿ ಹುರಿಯುತ್ತಾರೆ. ಅಕ್ಕಿಯೊಳಗೆ ಉಳಿದ ಸ್ವಲ್ಪ ನೀರು ಒಮ್ಮೆಲೇ ಆವಿಯಾಗಿ ಕಾಳು ಅರಳುತ್ತದೆ. ಅರಳಿದ ಮೇಲೆ ಒಳಗೆಲ್ಲ ಗಾಳಿ. ಅದಕ್ಕೇ ಹೊರಗಿನ ತೇವವನ್ನು ಅಷ್ಟು ಬೇಗ ಎಳೆದುಕೊಳ್ಳುತ್ತದೆ. ಒಲೆ ಮುಂದೆ ಆ ಕಾವಿನಲ್ಲಿ ಬೆಳಗಿನಿಂದ ನಿಲ್ಲುವ ಜನರ ಕೆಲಸ ಸಣ್ಣದಲ್ಲ. ಮೂವತ್ತು ರೂಪಾಯಿಯ ಪ್ಲೇಟಿನಲ್ಲಿ ಅವರ ಪಾಲೂ ಇದೆ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ. ಅಷ್ಟು ಕಷ್ಟಪಟ್ಟು ಗರಿಗರಿ ಮಾಡಿದ್ದನ್ನು ಗಾಡಿಯಲ್ಲಿ ಮೆತ್ತಗೆ ಮಾಡಿ ಕೊಟ್ಟರೆ ನನಗೆ ಸಿಟ್ಟು ಬರುತ್ತದೆ.

ಈ ಅಣ್ಣ ಹಾಗೆ ಮಾಡುವುದಿಲ್ಲ. ಮಳೆಗಾಲದಲ್ಲಂತೂ ಇವರ ಕೆಲಸ ನೋಡಬೇಕು. ಜುಲೈ, ಆಗಸ್ಟ್‌ನಲ್ಲಿ ಮಂಡಕ್ಕಿ ಚೀಲ ಬಿಚ್ಚಿದ ಅರ್ಧ ಗಂಟೆಗೆ ಮೆತ್ತಗಾಗುತ್ತದೆ. ಇವರು ಪಕ್ಕದಲ್ಲಿ ಒಂದು ಒಣ ಬಾಣಲೆ ಇಟ್ಟುಕೊಂಡು, ಒಂದೊಂದು ಪ್ಲೇಟಿಗೆ ಬೇಕಾದಷ್ಟನ್ನೇ ಬೆಚ್ಚಗೆ ಮಾಡಿ ಆಮೇಲೆ ಕಲಸುತ್ತಾರೆ. ಕೈಯಲ್ಲಿ ಒಂದು ಕಾಳು ತೆಗೆದುಕೊಂಡು ಬೆರಳಲ್ಲಿ ಒತ್ತಿ ನೋಡುತ್ತಾರೆ. ಪುಡಿಯಾದರೆ ಪಾತ್ರೆಗೆ. ಇಲ್ಲ ಅಂದ್ರೆ ಇನ್ನೊಂದು ಸುತ್ತು. ಜನ ನಿಂತಿದ್ದರೂ ಇದನ್ನು ಬಿಡುವುದಿಲ್ಲ. "ಎರಡು ನಿಮಿಷ ನಿಲ್ರಿ ಅಕ್ಕಾರ, ಮೆತ್ತಗಾಗಿರೋದು ಕೊಟ್ರೆ ನೀವು ನಾಳೆ ಬರಂಗಿಲ್ಲ" ಅಂತ ಒಮ್ಮೆ ಹೇಳಿದರು. ನಿಂತೆ.

ಇಲ್ಲಿ ಎರಡು ಥರ ಸಿಗುತ್ತದೆ. ಖಾರ ಮಂಡಕ್ಕಿ, ನರ್ಗಿಸ್ ಮಂಡಕ್ಕಿ. ಖಾರ ಮಂಡಕ್ಕಿ ಒಣ ಥರ. ಎಣ್ಣೆಯಲ್ಲಿ ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಕರಿಬೇವು, ಶೇಂಗಾ, ಅರಿಶಿನ, ಖಾರ. ಅಷ್ಟೇ. ಚೆನ್ನಾಗಿದೆ, ಆದರೆ ಇದು ಮನೆಯಲ್ಲೂ ಆಗುತ್ತದೆ. ನಾನು ಇಲ್ಲಿಗೆ ಬರುವುದು ನರ್ಗಿಸ್‌ಗೆ.

ನರ್ಗಿಸ್ ಕಲಸುವಾಗ ಅವರು ಹಾಕುವ ಕ್ರಮವನ್ನು ನಾನು ತುಂಬಾ ಸಲ ನೋಡುತ್ತಾ ನಿಂತಿದ್ದೇನೆ. ಮೊದಲು ಮಂಡಕ್ಕಿ, ಅದರ ಮೇಲೆ ಹಸಿಮೆಣಸಿನಕಾಯಿ ಬೆಳ್ಳುಳ್ಳಿಯ ಒಗ್ಗರಣೆ. ಎಣ್ಣೆ ಎಲ್ಲ ಕಾಳಿಗೂ ಹತ್ತುವ ಹಾಗೆ ಸೌಟಿನಲ್ಲಿ ಎರಡು ಸಲ ಮಗುಚುತ್ತಾರೆ. ಆಮೇಲೆ ಪುಟಾಣಿ ಹಿಟ್ಟು, ಧಾರಾಳವಾಗಿ. ಆಮೇಲೆಯೇ ಈರುಳ್ಳಿ, ಟೊಮೆಟೊ, ಕ್ಯಾರೆಟ್ ತುರಿ, ಕೊತ್ತಂಬರಿ. ಕೊನೆಗೆ ಅರ್ಧ ನಿಂಬೆಹಣ್ಣು ಹಿಂಡಿ, ಮೇಲೆ ಸಣ್ಣ ಸೇವ್ ಉದುರಿಸಿ ಕೈಗೆ ಕೊಡುತ್ತಾರೆ. ಈ ಕ್ರಮ ತಪ್ಪಿದರೆ ರುಚಿಯೇ ಬೇರೆ. ಟೊಮೆಟೊ ಮೊದಲು ಹಾಕಿದರೆ ಅದರ ನೀರು ನೇರ ಮಂಡಕ್ಕಿಗೆ ಹೋಗುತ್ತದೆ. ಎಣ್ಣೆ ಹತ್ತಿದ ಮೇಲೆ, ಪುಟಾಣಿ ಹಿಟ್ಟು ಮೆತ್ತಿದ ಮೇಲೆ ಹಾಕಿದರೆ ನೀರನ್ನು ಹಿಟ್ಟು ಹಿಡಿದುಕೊಳ್ಳುತ್ತದೆ. ಕಾಳು ಇನ್ನೂ ಐದಾರು ನಿಮಿಷ ಗರಿಗರಿ ಇರುತ್ತದೆ. ಹಿಟ್ಟಿನ ಘಮ, ಬೆಳ್ಳುಳ್ಳಿಯ ಖಾರ, ನಿಂಬೆಯ ಹುಳಿ ಮೂರೂ ಒಂದೇ ಚಮಚದಲ್ಲಿ ಬರುತ್ತದೆ. ಊರಿನ ಬೇರೆ ಕಡೆ ಕೆಲವರು ಪುಟಾಣಿ ಹಿಟ್ಟು ಕಡಿಮೆ ಮಾಡಿ ಸೇವ್ ಜಾಸ್ತಿ ಹಾಕುತ್ತಾರೆ. ಮೊದಲ ತುತ್ತಿಗೆ ಅದೂ ಚೆನ್ನಾಗಿಯೇ ಇರುತ್ತದೆ. ಅರ್ಧ ಪ್ಲೇಟಿಗೆ ಬರುವಷ್ಟರಲ್ಲಿ ತಳದಲ್ಲಿ ನೀರು.

ಇನ್ನು ಅಕ್ಕನ ಮೆಣಸಿನಕಾಯಿ. ಉದ್ದನೆಯ, ತಿಳಿ ಹಸಿರು ಮೆಣಸಿನಕಾಯಿ ತರುತ್ತಾರೆ. ಉದ್ದಕ್ಕೆ ಸೀಳಿ, ಒಳಗಿನ ಬಿಳಿ ದಿಂಡನ್ನು ಅರ್ಧ ತೆಗೆದು, ಜೀರಿಗೆ ಉಪ್ಪು ಅರೆದದ್ದನ್ನು ಸವರುತ್ತಾರೆ. ಖಾರ ಹೆಚ್ಚಾಗಿ ಇರುವುದು ಆ ಬಿಳಿ ಭಾಗದಲ್ಲಿ, ಬೀಜದಲ್ಲಿ ಅಲ್ಲ. ಪೂರ್ತಿ ತೆಗೆದರೆ ಮೆಣಸಿನಕಾಯಿ ತಿಂದ ಹಾಗೇ ಇರುವುದಿಲ್ಲ, ಪೂರ್ತಿ ಬಿಟ್ಟರೆ ನನ್ನಂಥವರಿಗೆ ಕಣ್ಣಲ್ಲಿ ನೀರು. ಅರ್ಧ ಸರಿಯಾದ ಲೆಕ್ಕ. ಕಡ್ಲೆಹಿಟ್ಟಿನ ಪದರ ತೆಳ್ಳಗೆ ಇರುತ್ತದೆ. ಓಂಕಾಳು ಹಲ್ಲಿಗೆ ಸಿಗುತ್ತದೆ. ಒಂದು ಸಲಕ್ಕೆ ಆರೋ ಏಳೋ ಮಾತ್ರ ಬಿಡುತ್ತಾರೆ. ಒಂದೇ ಸಲ ಬಾಣಲೆ ತುಂಬಾ ಬಿಟ್ಟರೆ ಎಣ್ಣೆಯ ಕಾವು ಇಳಿದು ಹಿಟ್ಟು ಎಣ್ಣೆ ಕುಡಿಯುತ್ತದೆ. ಇದು ಅವರಿಗೆ ಚೆನ್ನಾಗಿ ಗೊತ್ತು.

ಆದರೆ ಭಾನುವಾರ ಮಾತ್ರ ಇದೇ ಮೆಣಸಿನಕಾಯಿ ಬೇರೆ ಥರ ಇರುತ್ತದೆ. ಜನ ಜಾಸ್ತಿ. ಹಿಟ್ಟಿಗೆ ಸೋಡಾ ಸ್ವಲ್ಪ ಮುಂದಾಗುತ್ತದೆ. ಉಬ್ಬಿಕೊಂಡು ದೊಡ್ಡದಾಗಿ ಕಾಣುತ್ತದೆ, ಒಳಗೆ ಟೊಳ್ಳು, ತಿಂದ ಮೇಲೆ ನಾಲಿಗೆ ಮೇಲೆ ಸೋಡಾದ ರುಚಿ ಉಳಿಯುತ್ತದೆ. ಅಕ್ಕನಿಗೆ ಇದನ್ನು ಹೇಳಿದ್ದೇನೆ. "ಭಾನುವಾರ ಲಗೂನ ಬರ್ರಿ, ಮೊದಲನೇ ಹಿಟ್ಟು ಚಲೋ ಇರ್ತದ" ಅಂದರು. ಅದು ನಿಜ. ಐದೂವರೆಗೆ ಹೋದರೆ ಚೆನ್ನಾಗಿರುತ್ತದೆ. ಆದರೂ ಏಳು ಗಂಟೆಗೆ ಬಂದವರೂ ಅಷ್ಟೇ ದುಡ್ಡು ಕೊಡುತ್ತಾರಲ್ವಾ? ಇದನ್ನು ಅವರು ಸರಿ ಮಾಡಿಕೊಂಡರೆ ಈ ಗಾಡಿಯ ಬಗ್ಗೆ ನನ್ನ ದೊಡ್ಡ ದೂರು ಮುಗಿಯುತ್ತದೆ.

ಪ್ಲೇಟಿನ ವಿಷಯ ಹೇಳಲೇಬೇಕು. ಇಲ್ಲಿ ಸ್ಟೀಲ್ ಪ್ಲೇಟು, ಸ್ಟೀಲ್ ಚಮಚ. ಮೆಣಸಿನಕಾಯಿಯನ್ನು ಪೇಪರ್ ಮೇಲೆ ಇಟ್ಟು ಕೊಡುವುದಿಲ್ಲ. ಅಚ್ಚಾದ ದಿನಪತ್ರಿಕೆಯಲ್ಲಿ ತಿಂಡಿ ಕಟ್ಟಬೇಡಿ, ಶಾಯಿಯಲ್ಲಿರುವ ರಾಸಾಯನಿಕ ತಿಂಡಿಗೆ ಹತ್ತುತ್ತದೆ ಅಂತ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೇ ಹೇಳಿದೆ, 2023ರಲ್ಲಿ ಮತ್ತೆ ಹೇಳಿತು. ಬಿಸಿ ಎಣ್ಣೆಯ ಪದಾರ್ಥಕ್ಕೆ ಶಾಯಿ ಇನ್ನೂ ಬೇಗ ಹತ್ತುತ್ತದೆ. ಇಷ್ಟು ಹೇಳಿದ ಮೇಲೂ ಪೇಪರ್ ಬಿಡದ ಗಾಡಿಗಳು ಬೇಕಾದಷ್ಟಿವೆ. ಇವರು ಪಾರ್ಸೆಲ್‌ಗೂ ಖಾಲಿ ಕಂದು ಕಾಗದದ ಕವರ್ ಇಟ್ಟುಕೊಂಡಿದ್ದಾರೆ. ಪ್ಲೇಟು ತೊಳೆಯುವ ಬಕೆಟ್ ಎರಡಿವೆ, ನೀರು ಆಗಾಗ ಬದಲಾಗುತ್ತದೆ. ಕುಡಿಯುವ ನೀರಿನ ಕ್ಯಾನ್ ಮುಚ್ಚಿರುತ್ತದೆ.

ನನಗೆ ಮುಖ್ಯವಾದ ಇನ್ನೊಂದು ವಿಷಯ, ಹೆಂಗಸರು ಒಬ್ಬರೇ ಬಂದು ನೆಮ್ಮದಿಯಾಗಿ ನಿಂತು ತಿನ್ನಬಹುದು. ಬೆಳಕು ಚೆನ್ನಾಗಿದೆ. ಬಾಣಲೆ ಹತ್ತಿರ ಅಕ್ಕ ಇರುತ್ತಾರೆ. ಗಾಡಿಯ ಹಿಂದೆ ನಾಲ್ಕು ಪ್ಲಾಸ್ಟಿಕ್ ಸ್ಟೂಲ್ ಹಾಕಿರುತ್ತಾರೆ. ಅಲ್ಲಿ ನರ್ಸಿಂಗ್ ಓದುವ ಹುಡುಗಿಯರು, ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವವರು ಕೂತಿರುತ್ತಾರೆ. ಗಾಡಿಗೆ ಒರಗಿಕೊಂಡು ಸಿಗರೇಟು ಹಚ್ಚೋಕೆ ಹೋದರೆ ಅಣ್ಣ ಆಚೆ ಹೋಗಿ ಅಂತ ನೇರವಾಗಿ ಹೇಳುತ್ತಾರೆ. ಇಂಥ ಜಾಗ ಊರಲ್ಲಿ ಜಾಸ್ತಿ ಆಗಬೇಕು. ದಿನವೆಲ್ಲಾ ದುಡಿದು ಬಂದವಳಿಗೆ ಹತ್ತು ನಿಮಿಷ ರಸ್ತೆ ಬದಿ ನಿಂತು ತನಗೆ ಬೇಕಾದ್ದು ತಿನ್ನುವುದು ದೊಡ್ಡ ಸಂತೋಷ. ಮನೆಗೆ ಹೋದ ಮೇಲೆ ಮತ್ತೆ ಅಡುಗೆಮನೆ ಇದ್ದೇ ಇರುತ್ತದಲ್ಲ.

ಪಾರ್ಸೆಲ್ ಕತೆ ಬೇರೆ. ರಾತ್ರಿ ನಾನು, ತಮ್ಮ, ಅವನ ಇಬ್ಬರು ಸ್ನೇಹಿತರು ಸೇರಿ ಫೋನಿನಲ್ಲಿ ಬಿಜಿಎಂಐ ಅನ್ನುವ ಗುಂಡು ಹಾರಿಸುವ ಆಟ ಆಡುತ್ತೇವೆ. ನಾಲ್ಕು ಜನರ ಸ್ಕ್ವಾಡ್. ಎರಾಂಗೆಲ್ ಅನ್ನುವ ದೊಡ್ಡ ಮ್ಯಾಪ್ ಆದರೆ ನೂರು ಜನ, ಒಂದು ಆಟ ಅರ್ಧ ಗಂಟೆ. ಮೆಕ್ಕೆಜೋಳದ ಸೀಸನ್‌ನಲ್ಲಿ ಅಷ್ಟು ಹೊತ್ತು ಕೂರೋಕೆ ನನಗೆ ಕಣ್ಣು ಎಳೆಯುತ್ತದೆ. ಆಗ ಲಿವಿಕ್. 52 ಜನ, ಸಣ್ಣ ಮ್ಯಾಪ್, ಕಾಲು ಗಂಟೆಗೆ ಮುಗಿಯುತ್ತದೆ. ಲೆಡ್ಜರ್ ತಲೆಯಿಂದ ಇಳಿಯೋಕೆ ನನಗೆ ಇದರಷ್ಟು ಚೆನ್ನಾಗಿ ಯಾವುದೂ ಸಹಾಯ ಮಾಡಿಲ್ಲ. ತಮ್ಮ ಮುಂದೆ ನುಗ್ಗುತ್ತಾನೆ, ನಾನು ಹಿಂದಿನಿಂದ ನೋಡಿಕೊಳ್ಳುತ್ತೇನೆ.

ಈ ಹೊತ್ತಿಗೆ ಏನು ತಿನ್ನಬೇಕು ಅನ್ನುವುದೂ ಒಂದು ಪ್ರಶ್ನೆ. ಮೆಣಸಿನಕಾಯಿ ಆಗುವುದಿಲ್ಲ. ಎಣ್ಣೆ ಬೆರಳು ಸ್ಕ್ರೀನ್ ಮೇಲೆ ಜಾರುತ್ತದೆ, ಗುರಿ ತಪ್ಪುತ್ತದೆ. ನರ್ಗಿಸ್ ಆಗುತ್ತದೆ, ಯಾಕಂದ್ರೆ ಚಮಚದಲ್ಲಿ ತಿನ್ನಬಹುದು. ಒಂದು ಆಟ ಮುಗಿದು ಇನ್ನೊಂದು ಶುರುವಾಗುವ ಮಧ್ಯೆ ನಾಲ್ಕು ಚಮಚ ಆರಾಮಾಗಿ ಒಳಗೆ ಹೋಗುತ್ತದೆ. ಆದರೆ ಕಲಸಿ ತಂದ ಮಂಡಕ್ಕಿ ಮನೆ ಸೇರುವಷ್ಟರಲ್ಲಿ ಮುದ್ದೆ. ಇದನ್ನು ಅಣ್ಣನಿಗೆ ಹೇಳಿದಾಗ ಅವರೇ ದಾರಿ ಹುಡುಕಿದರು. ಎಣ್ಣೆ, ಪುಟಾಣಿ ಹಿಟ್ಟು ಹತ್ತಿಸಿದ ಮಂಡಕ್ಕಿ ಒಂದು ಕವರ್‌ನಲ್ಲಿ, ಈರುಳ್ಳಿ ಟೊಮೆಟೊ ಇನ್ನೊಂದರಲ್ಲಿ, ನಿಂಬೆಹಣ್ಣು ಹಿಂಡದೆ ಹಾಗೇ. ಮನೆಯಲ್ಲಿ ದೊಡ್ಡ ಬಟ್ಟಲಿಗೆ ಹಾಕಿ ನಾವೇ ಕಲಸಿಕೊಳ್ಳುತ್ತೇವೆ. ಗಾಡಿ ಮುಂದೆ ತಿಂದಷ್ಟು ಚೆನ್ನಾಗಿ ಇರುವುದಿಲ್ಲ, ಆದರೆ ಹತ್ತಿರ ಬರುತ್ತದೆ. ಇದಕ್ಕೆ ಐದು ರೂಪಾಯಿ ಜಾಸ್ತಿ ತೆಗೆದುಕೊಳ್ಳುತ್ತಾರೆ. ಕವರ್ ಎರಡು, ಕೆಲಸವೂ ಎರಡು. ಆ ಐದು ರೂಪಾಯಿ ನ್ಯಾಯ.

ಟೀ ಇಲ್ಲಿ ಇಲ್ಲ. ಪಕ್ಕದಲ್ಲಿ ಬೇರೆ ಅಂಗಡಿ ಇದೆ, ಅದು ಸಾಧಾರಣ. ಮೆಣಸಿನಕಾಯಿ ಖಾರ ಹತ್ತಿದರೆ ಟೀಗಿಂತ ಮಜ್ಜಿಗೆ ಒಳ್ಳೆಯದು, ನೀರಿಗೆ ಖಾರ ಕರಗುವುದಿಲ್ಲ. ಮಜ್ಜಿಗೆಯನ್ನು ಇವರೇ ಇಟ್ಟರೆ ಬೇಸಿಗೆಯಲ್ಲಿ ಚೆನ್ನಾಗಿ ನಡೆಯುತ್ತದೆ ಅಂತ ಹೇಳಿದ್ದೇನೆ. ಐಸ್ ಪೆಟ್ಟಿಗೆಗೆ ಗಾಡಿಯಲ್ಲಿ ಜಾಗ ಎಲ್ಲಿದೆ ಅಂತ ಅಕ್ಕ ಯೋಚನೆ ಮಾಡುತ್ತಿದ್ದಾರೆ.

ನರ್ಗಿಸ್ ಪ್ಲೇಟಿಗೆ ಮೂವತ್ತು, ಖಾರ ಮಂಡಕ್ಕಿಗೆ ಇಪ್ಪತ್ತೈದು, ಮೆಣಸಿನಕಾಯಿ ಒಂದಕ್ಕೆ ಹತ್ತು. ಫೋನಿನಲ್ಲಿ ದುಡ್ಡು ಹಾಕಬಹುದು. ಸೋಮವಾರ ಗಾಡಿ ಇರುವುದಿಲ್ಲ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದಾಗ ಮನೆ ತುಂಬಾ ನೆಂಟರು ಅಂತ ಒಂದು ವಾರ ಪೂರ್ತಿ ಬಿಡುವು. ಮೊದಲ ಸಲ ಹೋಗುವವರು ಒಂದು ನರ್ಗಿಸ್, ಒಂದೇ ಮೆಣಸಿನಕಾಯಿ ಹೇಳಿ. ಖಾರ ಎಷ್ಟು ಬೇಕು ಅಂತ ಅಣ್ಣ ಕೇಳುತ್ತಾರೆ, ಮಧ್ಯಮ ಅನ್ನಿ. ಎರಡನೇ ಮೆಣಸಿನಕಾಯಿಯನ್ನು ಮೊದಲನೆಯದು ತಿಂದಾದ ಮೇಲೆ ಹೇಳಿ, ಅಕ್ಕ ಬಿಸಿಯಾಗಿ ಬಿಟ್ಟು ಕೊಡುತ್ತಾರೆ.