ಹೊಸಬರ ಇಂಟರ್ನೆಟ್ ಕೋರ್ಸ್: ಒಂದು ಪಾಠ ಬಿಟ್ಟರೆ ಚೆನ್ನಾಗಿದೆ

ಇಂಟರ್ನೆಟ್ ಬೇರೆ, ವೆಬ್ ಬೇರೆ. ಈ ವಿಡಿಯೊ ಕೋರ್ಸ್ ಶುರುವಾಗುವುದೇ ಇಲ್ಲಿಂದ, ನನಗೆ ಹಿಡಿಸಿದ್ದೂ ಅದೇ. ಕಂಪ್ಯೂಟರ್‌ಗಳನ್ನು ಜೋಡಿಸುವ ಜಾಲ ಇಂಟರ್ನೆಟ್. ವೆಬ್ ಅದರ ಮೇಲೆ ಓಡುವ ಒಂದು ಸೇವೆ ಅಷ್ಟೇ. ಟಿಮ್ ಬರ್ನರ್ಸ್-ಲೀ ಸರ್ನ್ ಅನ್ನುವ ವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ವೆಬ್‌ನ ಪ್ರಸ್ತಾವ ಬರೆದದ್ದು 1989ರಲ್ಲಿ. ಇಮೇಲ್ ಅದಕ್ಕಿಂತ ಹಳೆಯದು ಅಂತ ಕೇಳಿ ಅಮ್ಮನಿಗೆ ಆಶ್ಚರ್ಯ! ಕೋರ್ಸ್ ತೆಗೆದುಕೊಂಡಿದ್ದೇ ಅಮ್ಮನಿಗಾಗಿ.

ವಿಳಾಸ ಟೈಪ್ ಮಾಡಿ ಎಂಟರ್ ಒತ್ತಿದರೆ ಏನಾಗುತ್ತದೆ ಅನ್ನುವ ಪಾಠ ತುಂಬಾ ಚೆನ್ನಾಗಿದೆ. ಒಂದೊಂದೇ ಹೆಜ್ಜೆ ನಿಲ್ಲಿಸಿ ತೋರಿಸುತ್ತಾರೆ. ಫೋನ್ ಪುಸ್ತಕದಲ್ಲಿ ಹೆಸರು ನೋಡಿ ನಂಬರ್ ತೆಗೆದ ಹಾಗೆ, ಡಿಎನ್‌ಎಸ್ ಸೈಟಿನ ಹೆಸರಿಗೆ ಐಪಿ ವಿಳಾಸ, ಅಂದರೆ ಜಾಲದಲ್ಲಿ ಅದರ ನಂಬರ್, ಹುಡುಕಿಕೊಡುತ್ತದೆ. ಆಮೇಲೆ ಬ್ರೌಸರ್ ಆ ವಿಳಾಸದ ಸರ್ವರ್‌ನಿಂದ, ಅಂದರೆ ಸೈಟನ್ನು ಒದಗಿಸುವ ಕಂಪ್ಯೂಟರ್‌ನಿಂದ, ಪುಟ ಕೇಳುತ್ತದೆ. ಪುಟ ಸಣ್ಣ ಸಣ್ಣ ಪ್ಯಾಕೆಟ್‌ಗಳಾಗಿ ಬರುತ್ತದೆ. ಯಾವುದಾದರೂ ಪ್ಯಾಕೆಟ್ ದಾರಿಯಲ್ಲಿ ಕಳೆದುಹೋದರೆ ಟಿಸಿಪಿ ಅನ್ನುವ ಸಾಗಣೆಯ ವ್ಯವಸ್ಥೆ ಅದನ್ನು ಮತ್ತೆ ಕಳಿಸುತ್ತದೆ. "ಅದಕ್ಕೇನಾ ಫೋಟೊ ಒಮ್ಮೊಮ್ಮೆ ಅರ್ಧಕ್ಕೇ ನಿಂತು ಆಮೇಲೆ ಬರೋದು?" ಅಂತ ಅಮ್ಮ ಕೇಳಿದರು. ಅಷ್ಟು ಅರ್ಥವಾದರೆ ಸಾಕಲ್ವಾ?

ವೈಫೈ, ಬ್ರೌಸರ್ ಪಾಠಗಳು ಪರವಾಗಿಲ್ಲ.

ಸುರಕ್ಷತೆಯ ಪಾಠ ಮಾತ್ರ ಬೇಸರ ತರಿಸಿತು. ವಿಳಾಸದ ಪಕ್ಕ ಬೀಗದ ಗುರುತಿದ್ದರೆ ಆ ಸೈಟನ್ನು ನಂಬಬಹುದು ಅನ್ನುತ್ತಾರೆ. ಇದು ತಪ್ಪು. ನೀವು ಕಳಿಸಿದ್ದನ್ನು ನಡುವೆ ಬೇರೆಯವರು ಓದಲಾರರು ಅಂತ ಬೀಗ ಹೇಳುತ್ತದೆ, ಆ ಕಡೆ ಇರುವವರು ಒಳ್ಳೆಯವರು ಅಂತಲ್ಲ. ಮೋಸದ ಸೈಟಿಗೂ ಬೀಗ ಸಿಗುತ್ತದೆ. ಹೊಸಬರು ಜಾಸ್ತಿ ಮೋಸ ಹೋಗುವುದೇ ಇಲ್ಲಿ. ನಿಮ್ಮ ಮನೆಯ ಹಿರಿಯರಿಗೆ ಕೋರ್ಸ್ ಕೊಡಿಸಿ, ಆದರೆ ಆ ಪಾಠದ ಹೊತ್ತಿಗೆ ಪಕ್ಕದಲ್ಲಿ ಕೂತು ವಿಳಾಸವನ್ನು ಅಕ್ಷರ ಅಕ್ಷರ ಓದುವುದನ್ನು ನೀವೇ ಹೇಳಿಕೊಡಿ.