ಬಸ್ಸಿನ ನಿಮಿಷಕ್ಕೆ ಒಂದು ಪೈಲಟ್ ವಾಚು

ಉಡುಪಿ–ಮಂಗಳೂರು ಲೈನಿನ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ನಾನು ಹದಿನಾರು ವರ್ಷದಿಂದ ಕಂಡಕ್ಟರ್. ನಮಗೆ ಗಂಟೆಗಿಂತ ನಿಮಿಷ ಮುಖ್ಯ. ಉಡುಪಿಯಿಂದ 7.42ಕ್ಕೆ ಬಿಡಬೇಕಾದ ಬಸ್ಸು 7.44ಕ್ಕೆ ಬಿಟ್ಟರೆ ನಮ್ಮ ಹಿಂದೆ ಬರುವ ಬಸ್ಸಿಗೆ ಕಾಯುವ ಜನ ನಮಗೆ ಹತ್ತುತ್ತಾರೆ. ಅವರ ಕಲೆಕ್ಷನ್ ನಾವು ತಿಂದ ಹಾಗೆ. ಕಾಪುವಿನಲ್ಲಿ ಶುರುವಾದ ಮಾತು ಮಂಗಳೂರಿನ ಸ್ಟೇಟ್‌ಬ್ಯಾಂಕ್ ಸ್ಟ್ಯಾಂಡಿಗೆ ಮುಟ್ಟುವಾಗ ಕೈ ಕೈ ಮಿಲಾಯಿಸುವ ತನಕ ಹೋದದ್ದೂ ಉಂಟು.

ಬಲಗೈಯಲ್ಲಿ ಟಿಕೆಟ್ ಮೆಷಿನ್, ಬೆರಳ ಸಂದಿಯಲ್ಲಿ ನೋಟು, ಎಡಗೈ ಮೇಲಿನ ಸರಳಿನಲ್ಲಿ. ಮೊಬೈಲು ತೆಗೆಯಲಿಕ್ಕೆ ಕೈ ಖಾಲಿ ಇರುವುದಿಲ್ಲ. ಆದರೆ ಸರಳು ಹಿಡಿದಾಗ ಮಣಿಕಟ್ಟು ಸರಿಯಾಗಿ ಕಣ್ಣಿನ ಎದುರಿಗೆ ಬರುತ್ತದೆ. ಬಸ್ಸು ಕುಲುಕುವಾಗ ಒಂದೇ ನೋಟಕ್ಕೆ ನಿಮಿಷ ಸಿಗಬೇಕು. ವಿಮಾನದವರಿಗೆಂದು ಒಂದೇ ನೋಟಕ್ಕೆ ಕಾಣುವ ಹಾಗೆ ಮಾಡಿದ ಪೈಲಟ್ ವಾಚು ನಾನು ಹುಡುಕಿದ್ದು ಇದಕ್ಕಾಗಿ, ಚಂದಕ್ಕಲ್ಲ.

ಮೊದಲು ಕೊಂಡದ್ದು ಎಚ್‌ಎಂಟಿ ಪೈಲಟ್. ಕಪ್ಪು ಡಯಲಿನ, ಕೀಲಿ ಕೊಡುವ ವಾಚು. ಸಿಟಿಜನ್ ಕಂಪೆನಿಯ ಸಹಾಯದಿಂದ 1961ರಲ್ಲಿ ಬೆಂಗಳೂರಿನಲ್ಲಿ ವಾಚು ಮಾಡಲು ಶುರು ಮಾಡಿದ ನಮ್ಮ ಕಂಪೆನಿ ಎಂಬ ಪ್ರೀತಿ ಬೇರೆ. ಆನ್‌ಲೈನಿನಲ್ಲಿ ಒಬ್ಬ ಮಾರಾಟಗಾರನಿಂದ ತರಿಸಿದೆ. ಹೊಳೆಯುತ್ತಾ ಬಂತು. ಆದರೆ ಲೆಕ್ಕ ಯಾವಾಗಲೂ ಒಂದು ನಿಮಿಷ ತಪ್ಪುತ್ತಿತ್ತು. ರಥಬೀದಿಯ ಹತ್ತಿರ ರಿಪೇರಿ ಮಾಡುವ ಅಜ್ಜನಿಗೆ ಕೊಟ್ಟರೆ, ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ನೋಡಿ, ‘ಮೆಷಿನ್ ಸರಿ ಉಂಟು ಮಾರಾಯ, ಡಯಲಿಗೆ ಆಮೇಲೆ ಯಾರೋ ಬಣ್ಣ ಬಳಿದಿದ್ದಾರೆ’ ಎಂದರು. ನನಗೂ ತೋರಿಸಿದರು. ಅಂಕಿಗಳ ಅಂಚು ಶಾಯಿ ಹೀರಿದ ಕಾಗದದ ಹಾಗೆ ಹರಡಿತ್ತು, 20ರಿಂದ 35ರವರೆಗಿನ ನಿಮಿಷದ ಗೆರೆಗಳು ಸೊಟ್ಟಗೆ ಒತ್ತಿಕೊಂಡು ಕೂತಿದ್ದವು. ಮುಳ್ಳು ಸರಿಯಾಗಿಯೇ ಓಡುತ್ತಿತ್ತು, ಗೆರೆ ಸುಳ್ಳು ಹೇಳುತ್ತಿತ್ತು. ಹಳೆ ಎಚ್‌ಎಂಟಿ ಕೊಳ್ಳುವವರು ಇದೊಂದನ್ನು ನೋಡಿಯೇ ದುಡ್ಡು ಕೊಡಿ: ಹನ್ನೆರಡು ಗಂಟೆಗೆ ಎರಡೂ ಮುಳ್ಳು ಒಂದರ ಮೇಲೊಂದು ಬಂದಾಗ ಗೆರೆಯ ಮೇಲೆ ನಿಲ್ಲುತ್ತದಾ, ಆರು ಗಂಟೆಗೆ ನೆಟ್ಟಗಾಗುತ್ತದಾ ಎಂದು.

ಆಮೇಲೆ ಸ್ವಲ್ಪ ಓದಿಕೊಂಡೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ವಾಯುಪಡೆಗೆ ಲಾಂಗೆ, ಐಡಬ್ಲ್ಯೂಸಿ, ಲಾಕೊ, ಸ್ಟೋವಾ, ವೆಂಪೆ ಎಂಬ ಐದು ಕಂಪೆನಿಗಳು ಮಾಡಿಕೊಟ್ಟ ವಾಚುಗಳೇ ಈಗಿನ ಪೈಲಟ್ ವಾಚುಗಳಿಗೆ ಮೂಲ. ಅಗಲ 55 ಮಿಲಿಮೀಟರ್, ಜಾಕೆಟ್ ತೋಳಿನ ಮೇಲಿಂದ ಕಟ್ಟುವಂಥವು. ಮೊದಲು ಬಂದದ್ದು ಎ ಮಾದರಿ, ಅದರಲ್ಲಿ ಮಾಮೂಲಿನಂತೆ ಗಂಟೆಯ ಅಂಕಿ ದೊಡ್ಡದು. 1941ರಲ್ಲಿ ಬಂದ ಬಿ ಮಾದರಿಯಲ್ಲಿ ಗಂಟೆಯನ್ನು ಒಳಗಿನ ಸಣ್ಣ ವೃತ್ತಕ್ಕೆ ದೂಡಿ, ಹೊರಗೆ 5, 10, 15, 20 ಎಂದು ನಿಮಿಷವನ್ನೇ ದೊಡ್ಡದಾಗಿ ಬರೆದರು. ವಿಮಾನದಲ್ಲಿ ದಾರಿ ಲೆಕ್ಕ ಹಾಕುವವನಿಗೆ ಬೇಕಾದದ್ದು ನಿಮಿಷ, ಸೆಕೆಂಡು. ಗಂಟೆ ಅವನಿಗೆ ಗೊತ್ತೇ ಇರುತ್ತದೆ. ಇದನ್ನು ಓದಿದ ದಿನ ನನಗೆ ಬಹಳ ಖುಷಿಯಾಯಿತು. ನಮ್ಮ ಲೈನಿನವರಿಗೇ ಮಾಡಿದ ಹಾಗೆ ಉಂಟಲ್ಲ!

ಹಾಗೆ ಬಂದದ್ದು ಸೈಕೊ ಕಂಪೆನಿಯ ‘ಸೈಕೊ 5’ ವಾಚು, ಎಸ್‌ಎನ್‌ಕೆ 809 ಎಂಬ ಮಾದರಿ. 2018ರಲ್ಲಿ ದುಬೈಯಲ್ಲಿರುವ ಭಾವ ಊರಿಗೆ ಬರುವಾಗ ತಂದುಕೊಟ್ಟರು. ಬಿ ಮಾದರಿಯ ಕಪ್ಪು ಡಯಲು, ಅಗಲ 37 ಮಿಲಿಮೀಟರ್. ‘ಪೈಲಟ್ ವಾಚು ಅಂದ್ರೆ ದೊಡ್ಡದಿರಬೇಕು’ ಎನ್ನುವವರಿದ್ದಾರೆ. ನಮ್ಮ ಡ್ರೈವರಣ್ಣನ 44ರದ್ದನ್ನು ಒಂದು ದಿನ ಕಟ್ಟಿ ನೋಡಿದ್ದೆ. ರಶ್ಶಿನಲ್ಲಿ ಬ್ಯಾಗಿನ ಪಟ್ಟಿಗೆ, ಹೆಂಗಸರ ಶಾಲಿಗೆ ಸಿಕ್ಕಿಕೊಳ್ಳುತ್ತಿತ್ತು. ಬದಿಯಲ್ಲಿ ಈರುಳ್ಳಿಯಂಥ ಗುಂಡಿ. ಕೈಗವಸು ಹಾಕಿದವನಿಗೂ ತಿರುಗಿಸಲಿಕ್ಕೆ ಬರಲಿ ಎಂದು ಅಷ್ಟು ದೊಡ್ಡದು ಮಾಡಿದ್ದಂತೆ. ಸರಳು ಹಿಡಿದಾಗಲೆಲ್ಲ ಅದು ಮುಂಗೈಗೆ ಒತ್ತಿ, ಸುರತ್ಕಲ್ಲಿಗೆ ಬರುವಾಗ ಚರ್ಮ ಕೆಂಪಾಗಿತ್ತು. ನನ್ನದರಲ್ಲಿ ಗುಂಡಿ ಸಣ್ಣದು, ನಾಲ್ಕು ಗಂಟೆಯ ಜಾಗದಲ್ಲಿ ಅಡಗಿ ಕೂತಿದೆ. ಕೈ ಎಷ್ಟು ಮಡಚಿದರೂ ತಾಗುವುದಿಲ್ಲ.

ಕೊರತೆಗಳನ್ನೂ ಹೇಳಬೇಕು. ಒಳಗಿನ 7ಎಸ್26 ಮೆಷಿನ್ ಕೈ ಆಡಿದ ಹಾಗೆ ತಾನೇ ಕೀಲಿ ತುಂಬಿಕೊಳ್ಳುತ್ತದೆ, ಗುಂಡಿ ತಿರುಗಿಸಿ ತುಂಬಲಿಕ್ಕೆ ಆಗುವುದಿಲ್ಲ. ಎರಡು ದಿನ ರಜೆಯಲ್ಲಿ ಬಿಚ್ಚಿಟ್ಟರೆ ನಿಂತಿರುತ್ತದೆ. ಗುಂಡಿ ಎಳೆದರೂ ಸೆಕೆಂಡ್ ಮುಳ್ಳು ನಿಲ್ಲುವುದಿಲ್ಲ. ಹಳೆಯ ಅಸಲಿ ವಾಚುಗಳಲ್ಲಿ ಅದು ನಿಲ್ಲುತ್ತಿತ್ತು. ಕಂಪೆನಿಯೇ ದಿನಕ್ಕೆ 20 ಸೆಕೆಂಡು ಹಿಂದೆಯಿಂದ 40 ಸೆಕೆಂಡು ಮುಂದೆಯವರೆಗೆ ಎಂದು ಹೇಳಿದೆ. ನನ್ನದು ದಿನಕ್ಕೆ ಹನ್ನೆರಡು ಸೆಕೆಂಡು ಮುಂದೆ ಓಡುತ್ತದೆ, ಸೋಮವಾರ ಬೆಳಿಗ್ಗೆ ಸ್ಟ್ಯಾಂಡಿನ ಟೈಮ್ ಕೀಪರ್ ಗಡಿಯಾರಕ್ಕೆ ಸರಿ ಮಾಡಿಕೊಳ್ಳುತ್ತೇನೆ. ವಾರದಲ್ಲಿ ಒಂದೂವರೆ ನಿಮಿಷದ ಒಳಗೆ. ನನಗೆ ಸಾಕು.

ಬೆಲ್ಟಿನ ವಿಷಯ ಬಿಡುವ ಹಾಗಿಲ್ಲ. ಗುಬ್ಬಿ ಮೊಳೆ ಹೊಡೆದ ದಪ್ಪ ಚರ್ಮದ ಬೆಲ್ಟು ಈ ವಾಚಿಗೆ ನಿಜಕ್ಕೂ ಚಂದ. ಆಸೆಯಿಂದ ಒಂದು ಹಾಕಿಸಿದ್ದೆ. ಏಪ್ರಿಲಿನ ಬೆವರಿಗೆ ಒಳಗಡೆ ಕಪ್ಪಾಯಿತು, ಜೂನಿನಲ್ಲಿ ಹೊಲಿಗೆಯುದ್ದಕ್ಕೂ ಬಿಳಿ ಬೂಷ್ಟು. ಎಷ್ಟು ಒರೆಸಿದರೂ ಕಮಟು ವಾಸನೆ ಹೋಗಲಿಲ್ಲ. ಟಿಕೆಟ್ ಕೊಡುವ ಕೈ, ಜನರ ಮುಖದ ಹತ್ತಿರ ಹೋಗುವಂಥದ್ದು, ಬಿಚ್ಚಿ ಬಿಸಾಡಿದೆ. ಕರಾವಳಿಯಲ್ಲಿ ದುಡಿಯುವ ಕೈಗೆ ನೈಲಾನೇ ಸರಿ. 18 ಮಿಲಿಮೀಟರಿನದು ಎರಡು ಇಟ್ಟುಕೊಳ್ಳಿ. ರಾತ್ರಿ ಸೋಪು ಹಾಕಿ ತೊಳೆದದ್ದು ಆಟಿ ತಿಂಗಳ ಮಳೆಯಲ್ಲಿ ಬೆಳಗಾಗುವಾಗ ಒಣಗಿರುವುದಿಲ್ಲ. ವಾಚು 30 ಮೀಟರ್ ಆಳದ ನೀರಿನ ಒತ್ತಡ ತಡೆಯುತ್ತದೆ ಎಂದು ಕಂಪೆನಿ ಹೇಳಿದರೂ ಅದು ತುಂತುರಿಗೆ ಮಾತ್ರ. ಜೋರು ಮಳೆಯಲ್ಲಿ ಟಾಪಿಗೆ ಹತ್ತಿ ಸಾಮಾನು ಇಳಿಸುವಾಗ ನಾನು ಬಿಚ್ಚಿ ಕ್ಯಾಷ್ ಬ್ಯಾಗಿಗೆ ಹಾಕುತ್ತೇನೆ.

ಈಗ ಈ ಮಾದರಿ ಹೊಸದಾಗಿ ತಯಾರಾಗುತ್ತಿಲ್ಲ. ಹಳೆಯದು ಸಿಕ್ಕಿದರೆ ಡಯಲಿನ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ, ಒಂದು ದಿನ ಕಟ್ಟಿ, ಮೊಬೈಲಿನ ಟೈಮಿಗೆ ಹೋಲಿಸಿ ಕೊಳ್ಳಿ. ಬೇರೆ ಕಂಪೆನಿಯದು ನೋಡುವುದಾದರೆ ಬಿ ಡಯಲು, 40ರ ಒಳಗಿನ ಅಗಲ. ದುಬೈಯದಾದ್ದರಿಂದ ನನ್ನದರಲ್ಲಿ ವಾರದ ಹೆಸರು ಅರೇಬಿಕ್‌ನಲ್ಲಿಯೂ ಬರುತ್ತದೆ. ನಿನ್ನೆ ಮೂಲ್ಕಿಯಲ್ಲಿ ಹತ್ತಿದ ಒಬ್ಬ ಬ್ಯಾರಿ ಹುಡುಗ ಸರಳಿನ ಮೇಲಿದ್ದ ನನ್ನ ಕೈ ನೋಡಿ ಅದನ್ನು ಗಟ್ಟಿಯಾಗಿ ಓದಿ ಹೇಳಿದ. ನಿಮಿಷವನ್ನೂ ಹೇಳಿದ, 8.31. ಸರಿಯಾಗಿಯೇ ಇತ್ತು.