ಕೂಲರ್, ಎಸಿ, ಎಕ್ಸಾಸ್ಟ್: ಸೋಂಕಿನ ಕಾಲದಲ್ಲಿ ಮನೆ ತಂಪಾಗಿಸಲು ಯಾವುದು ವಾಸಿ?

ಕೋವಿಡ್‌ನಂತೆ ಗಾಳಿಯಲ್ಲಿ ಹರಡುವ ಸೋಂಕು ಹಬ್ಬಿರುವಾಗ, ಒಣ ಸೆಕೆಯ ಜಾಗವಾದರೆ ನನ್ನ ಆಯ್ಕೆ ಕಿಟಕಿಗೆ ಕೂರಿಸಿದ ಕೂಲರ್. ಸ್ಪ್ಲಿಟ್ ಎಸಿ, ವಿಂಡೋ ಎಸಿ, ಬರೀ ಫ್ಯಾನು-ಎಕ್ಸಾಸ್ಟ್, ಎಲ್ಲವನ್ನೂ ಬಳಸಿ ನೋಡಿದ ಮೇಲೂ ಈ ಮಾತು ಬದಲಾಗಿಲ್ಲ. ತಂಪು ಮಾಡುತ್ತಲೇ ಮನೆಯೊಳಗಿನ ಗಾಳಿಯನ್ನು ಪೂರ್ತಿ ಹೊಸದು ಮಾಡುವುದು ಇದೊಂದೇ.

ಸ್ಪ್ಲಿಟ್ ಎಸಿಯ ಹೊರಗಿನ ಪೆಟ್ಟಿಗೆಯಿಂದ ತಾಜಾ ಗಾಳಿ ಒಳಗೆ ಬರುತ್ತದೆ ಎಂದುಕೊಂಡವರು ಬಹಳ ಜನ. ಬರುವುದಿಲ್ಲ. ಗೋಡೆ ದಾಟುವುದು ಗ್ಯಾಸಿನ ಎರಡು ತಾಮ್ರದ ಕೊಳವೆ, ವೈರು, ನೀರು ಇಳಿಯುವ ಪೈಪು, ಅಷ್ಟೇ. ಕೋಣೆಯ ಗಾಳಿಯನ್ನೇ ಎಳೆದು, ತಣ್ಣಗಾಗಿಸಿ, ಮತ್ತೆ ಕೋಣೆಗೇ ಬಿಡುತ್ತದೆ. ಒಳಗಿರುವ ಜಾಲರಿ ತಡೆಯುವುದು ಧೂಳನ್ನು; ಕೆಮ್ಮು, ಮಾತು, ಉಸಿರಿನಿಂದ ಬರುವ ಸಣ್ಣ ಕಣಗಳು ಅದರೊಳಗಿಂದ ಸಲೀಸಾಗಿ ದಾಟುತ್ತವೆ. 2020ರ ಜನವರಿಯಲ್ಲಿ ಚೀನಾದ ಗುವಾಂಗ್‌ಝೌ ನಗರದ ಒಂದು ರೆಸ್ಟೋರೆಂಟಿನಲ್ಲಿ ಅಕ್ಕಪಕ್ಕದ ಮೇಜುಗಳಿಗೆ ಕೂತಿದ್ದ ಮೂರು ಕುಟುಂಬಗಳ 10 ಜನರಿಗೆ ಸೋಂಕು ಕಂಡುಬಂದಿತ್ತು. ಅಲ್ಲಿ ಎಸಿ ಓಡುತ್ತಿತ್ತು, ಕಿಟಕಿ ಇರಲಿಲ್ಲ, ಎಕ್ಸಾಸ್ಟ್ ಮುಚ್ಚಿತ್ತು. ತಪ್ಪು ತಂಪಿನದ್ದಲ್ಲ, ಹೊರಗೆ ಹೋಗಬೇಕಾದ ಗಾಳಿ ಅಲ್ಲೇ ಸುತ್ತುತ್ತಿದ್ದುದರದ್ದು.

ಈಗ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಮನೆಗಳಿಗೆ ಸೂಚಿಸಿದ್ದು ತಲಾ ಸೆಕೆಂಡಿಗೆ 10 ಲೀಟರ್ ಹೊಸ ಗಾಳಿ. ನಾಲ್ಕು ಜನಕ್ಕೆ ಗಂಟೆಗೆ 144 ಘನ ಮೀಟರ್. ಗಂಟೆಗೆ 2,000 ಘನ ಮೀಟರ್ ಗಾಳಿ ತಳ್ಳುವ ಮಧ್ಯಮ ಗಾತ್ರದ ಕೂಲರ್, 12 ಅಡಿ ಉದ್ದಗಲ, 10 ಅಡಿ ಎತ್ತರದ ಕೋಣೆಯ ಗಾಳಿಯನ್ನು ಗಂಟೆಗೆ ಹೆಚ್ಚುಕಡಿಮೆ 49 ಸಲ ಬದಲಾಯಿಸುತ್ತದೆ. ಹಾಗೆಂದು ಸೋಂಕಿತರ ಮಗ್ಗುಲಲ್ಲೇ ಕೂತರೆ ಯಾವ ಯಂತ್ರವೂ ಕಾಪಾಡುವುದಿಲ್ಲ.

ಇದಕ್ಕೆ ಎರಡು ಷರತ್ತು. ಕೂಲರಿನ ಬೆನ್ನು ಕಿಟಕಿಯಾಚೆಗೆ ಇರಬೇಕು. ಕೋಣೆಯ ಮಧ್ಯೆ ಇಟ್ಟರೆ ಅದೂ ಎಸಿಯಂತೆ ಒಳಗಾಳಿಯನ್ನೇ ತಿರುಗಿಸುತ್ತದೆ, ಮೇಲೆ ತೇವವನ್ನೂ ತುಂಬುತ್ತದೆ. ಎರಡನೆಯದು, ಎದುರು ಗೋಡೆಯಲ್ಲಿ ಎರಡೂವರೆ ಚದರ ಅಡಿಯಷ್ಟು ಕಿಟಕಿ ತೆರೆದಿರಬೇಕು. ಒಂದು ತೆಳು ಕಾಗದದ ಪಟ್ಟಿಯನ್ನು ಆ ಕಿಟಕಿಯ ಸರಳಿಗೆ ಇಳಿಬಿಡಿ. ಹೊರಕ್ಕೆ ವಾಲಿ ನಿಂತರೆ ಸರಿ. ನೇರವಾಗಿ ತೂಗುತ್ತಿದ್ದರೆ ಕಿಟಕಿ ಇನ್ನಷ್ಟು ತೆಗೆಯಬೇಕು.

ಕೂಲರಿನ ಕಾಟವೆಂದರೆ ಟ್ಯಾಂಕು. ಕೊಂಡವರಲ್ಲಿ ಎಷ್ಟೋ ಜನ ಬೇಸತ್ತು ಅದನ್ನು ಮೂಲೆಗೆ ತಳ್ಳುವುದು ಇದಕ್ಕೇ. ನೀರು ಆವಿಯಾದಾಗ ಅದರಲ್ಲಿದ್ದ ಲವಣ ಹಿಂದೆ ಉಳಿಯುತ್ತದೆ. ಮೇಲಿಂದ ಮೇಲೆ ನೀರು ತುಂಬುತ್ತಾ ಹೋದರೆ ಟ್ಯಾಂಕಿನ ನೀರು ದಿನೇದಿನೇ ಗಡಸಾಗಿ, ಗಾಳಿಯನ್ನು ತಣಿಸುವ ಒದ್ದೆ ಪ್ಯಾಡಿನ ಮೇಲೆ ಬಿಳಿ ಪದರ ಕಟ್ಟುತ್ತದೆ. ಆ ಜಾಗದಲ್ಲಿ ನೀರು ಇಳಿಯದು, ಒಣ ಭಾಗದಿಂದ ಬಿಸಿಗಾಳಿ ಹಾಗೇ ನುಗ್ಗುತ್ತದೆ. ಕೂಲರ್ ಹಳೆಯದಾಯಿತು, ತಂಪೇ ಇಲ್ಲ ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಇದೇ.

ಇನ್ನು ಮುಗ್ಗಲು ವಾಸನೆ. ರಾತ್ರಿ ಸ್ವಿಚ್ ಆರಿಸಿದಾಗ ಪ್ಯಾಡ್ ಒದ್ದೆಯಾಗೇ ಉಳಿದು ಬೂಷ್ಟು ಹಿಡಿಯುತ್ತದೆ. ಮದ್ದು ಸುಲಭ: ಮೊದಲು ಪಂಪ್ ಮಾತ್ರ ನಿಲ್ಲಿಸಿ, ಫ್ಯಾನನ್ನು ಇನ್ನೂ 20 ನಿಮಿಷ ಓಡಿಸಿ ಪ್ಯಾಡ್ ಒಣಗಿಸುವುದು. ಎರಡಕ್ಕೂ ಒಂದೇ ಸ್ವಿಚ್ ಇರುವ ಕೂಲರ್ ಕೊಳ್ಳಲೇಬೇಡಿ.

ಸೊಳ್ಳೆಯದು ಇನ್ನೂ ದೊಡ್ಡ ತಲೆನೋವು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ನೀರಿನ ಮಟ್ಟಕ್ಕಿಂತ ತುಸು ಮೇಲೆ, ಟ್ಯಾಂಕಿನ ಗೋಡೆಗೆ. ನೀರು ಚೆಲ್ಲಿದರೂ ಮೊಟ್ಟೆ ಅಂಟಿಕೊಂಡೇ ಇರುತ್ತದೆ, ತಿಂಗಳುಗಟ್ಟಲೆ ಒಣಗಿದ್ದು ನೀರು ತಾಗಿದೊಡನೆ ಒಡೆಯಬಲ್ಲದು. ಆದ್ದರಿಂದ ಬರೀ ಖಾಲಿ ಮಾಡಿದರೆ ಸಾಲದು, ಗಟ್ಟಿ ಬ್ರಷ್ಷಿನಿಂದ ನಾಲ್ಕೂ ಗೋಡೆ ಉಜ್ಜಬೇಕು. ಮೊಟ್ಟೆ ಸೊಳ್ಳೆಯಾಗಲು ವಾರ-ಹತ್ತು ದಿನ ಸಾಕು, ಹಾಗಾಗಿ ವಾರಕ್ಕೊಮ್ಮೆ ಉಜ್ಜುವುದನ್ನು ತಪ್ಪಿಸುವಂತಿಲ್ಲ. ಉಜ್ಜಿದ ಮೇಲೆ 50 ಲೀಟರ್ ನೀರಿಗೆ ಶೇ. 5ರ ಬ್ಲೀಚ್ ದ್ರಾವಣ 50 ಮಿ.ಲೀ. ಬೆರೆಸಿ ಅರ್ಧ ಗಂಟೆ ಬಿಟ್ಟು, ಚೆಲ್ಲಿ, ಶುದ್ಧ ನೀರಿನಲ್ಲಿ ತೊಳೆಯಿರಿ. ಅಷ್ಟು ಹೊತ್ತೂ ಕರೆಂಟಿನ ಪ್ಲಗ್ ಕಿತ್ತಿರಲಿ. ಲವಣದ ಪದರಕ್ಕೆ ವಿನೆಗರ್ ಬಳಸುವುದಾದರೆ ಬೇರೆ ದಿನ. ಬ್ಲೀಚೂ ವಿನೆಗರ್ರೂ ಸೇರಿದರೆ ವಿಷಕಾರಿ ಕ್ಲೋರಿನ್ ಗ್ಯಾಸ್ ಏಳುತ್ತದೆ.

ಮನೆಯಲ್ಲೇ ಒಬ್ಬರಿಗೆ ಸೋಂಕು ಬಂದಾಗ ಕೂಲರ್ ಎಲ್ಲಿದೆ ಎಂಬುದು ತುಂಬಾ ಮುಖ್ಯ. ಕೂಲರ್ ಗಾಳಿಯನ್ನು ಒಳಕ್ಕೆ ತಳ್ಳುತ್ತದೆ. ರೋಗಿಯ ಕೋಣೆಯಲ್ಲೇ ಇಟ್ಟರೆ ಅಲ್ಲಿಯ ಗಾಳಿ ಬಾಗಿಲ ಸಂದಿಯಿಂದ ಇಡೀ ಮನೆಗೆ ಹೋಗುತ್ತದೆ. ಅದನ್ನು ಹಜಾರದ ಕಿಟಕಿಗೆ ಸಾಗಿಸಿ. ರೋಗಿಯ ಕೋಣೆಯ ಹೊರಗೋಡೆಯಲ್ಲಿ ಗಾಳಿ ಹೊರದಬ್ಬುವ ಎಕ್ಸಾಸ್ಟ್ ಇರಲಿ. ಬಾಗಿಲು ಮುಚ್ಚಿರಲಿ, ಆದರೆ ಕೆಳಗಿನ ಸಂದಿಗೆ ಬಟ್ಟೆ ತುರುಕಬೇಡಿ. ಹಜಾರದ ತಂಪು ಗಾಳಿ ಆ ಸಂದಿಯಿಂದಲೇ ಒಳಗೆ ಹೋಗಬೇಕು. ಹಜಾರದ ಕಡೆ ಬಾಗಿಲಡಿ ಕಾಗದದ ಪಟ್ಟಿ ಹಿಡಿದರೆ ಅದು ಕೋಣೆಯೊಳಕ್ಕೆ ವಾಲಬೇಕು.

ಹಲವು ವಿಂಡೋ ಎಸಿಗಳಲ್ಲಿ ಗಾಳಿಕಿಂಡಿ ತೆರೆಯುವ ‘ವೆಂಟ್’ ಎಂಬ ಸಣ್ಣ ಹಿಡಿ ಇರುತ್ತದೆ. ತೆರೆದಿಡಿ, ಆದರೆ ಅದನ್ನೇ ನೆಚ್ಚಬೇಡಿ, ಕಿಂಡಿ ತೀರಾ ಚಿಕ್ಕದು. ವೈರಸ್ ಕೊಲ್ಲುತ್ತದೆ ಎಂದು ಮಾರುವ ಅಯಾನೈಸರ್‌ಗೆ (ಗಾಳಿಗೆ ವಿದ್ಯುತ್ ಕಣ ಬಿಡುವ ಸಾಧನ) ಹೆಚ್ಚುವರಿ ಹಣ ಕೊಡುವ ಬದಲು ಒಂದು ಎಕ್ಸಾಸ್ಟ್ ಫ್ಯಾನ್ ತನ್ನಿ.

ಬರೀ ಫ್ಯಾನು-ಎಕ್ಸಾಸ್ಟ್ ಜೋಡಿ ಅಗ್ಗದ್ದು, ರಾತ್ರಿ ಹೊರಗೆ ತಂಪಾಗುವ ಕಡೆ ಚೆನ್ನ. ಆದರೆ 40 ಡಿಗ್ರಿ ದಾಟಿದರೆ ಫ್ಯಾನಿನ ಗಾಳಿ ಮೈಯನ್ನು ಇನ್ನೂ ಕಾಯಿಸುತ್ತದೆ.

ತೇವದ ಸೆಕೆಯಲ್ಲಿ ಮಾತ್ರ ಕೂಲರ್ ಸೋಲುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಹೊರಗೆ 40 ಡಿಗ್ರಿ, ತೇವಾಂಶ ಶೇ. 20 ಇದ್ದಾಗ ಜೇನುಗೂಡಿನಂತೆ ರಂಧ್ರಗಳಿರುವ ಒಳ್ಳೆಯ ಹನಿಕೋಂಬ್ ಪ್ಯಾಡಿನಿಂದ 26 ಡಿಗ್ರಿಯ ಗಾಳಿ ಬರುತ್ತದೆ. ಅದೇ 32 ಡಿಗ್ರಿ, ತೇವಾಂಶ ಶೇ. 75 ಇದ್ದರೆ ಬರುವುದು 29, ಮೈಯೆಲ್ಲ ಅಂಟಂಟು. ಅಂಥ ಕಡೆ, ಅದರಲ್ಲೂ ವಯಸ್ಸಾದವರಿದ್ದರೆ, ಎಸಿಯೇ ಸರಿ. ಅದನ್ನು 26ಕ್ಕೆ ಇಟ್ಟು, ಸೀಲಿಂಗ್ ಫ್ಯಾನ್ ನಿಧಾನಕ್ಕೆ ಓಡಿಸಿ, ಕಿಟಕಿಯನ್ನು ಎರಡು ಬೆರಳಷ್ಟು ತೆರೆದು, ಎದುರು ಬದಿಯ ಎಕ್ಸಾಸ್ಟ್ ಹಾಕಿ. ಕರೆಂಟ್ ದಂಡವಾಗುತ್ತದೆಂಬ ಭಯ ದೊಡ್ಡದೇನಲ್ಲ: ನಾಲ್ಕು ಜನಕ್ಕೆ ಬೇಕಾದ ಹೊಸ ಗಾಳಿಯನ್ನು 40ರಿಂದ 26 ಡಿಗ್ರಿಗೆ ಇಳಿಸಲು ಎಸಿ ಎಳೆಯಬೇಕಾದ ಶಾಖ ಮುಕ್ಕಾಲು ಕಿಲೋವ್ಯಾಟಿಗಿಂತ ಕಡಿಮೆ, ಒಂದೂವರೆ ಟನ್ ಎಸಿಯ ಶಕ್ತಿ ಐದು ಕಿಲೋವ್ಯಾಟಿನ ಮೇಲಿದೆ. ಗಾಳಿಯ ತೇವ ಇಳಿಸಲು ಇನ್ನಷ್ಟು ಬೇಕು, ಆದರೂ ತಾಳಿಕೊಳ್ಳುತ್ತದೆ.

ಕಿಟಕಿ ತೆರೆದು ಮಲಗುವ ಅಭ್ಯಾಸ, ಕರೆಂಟ್ ಹೋದಾಗ ಇನ್ವರ್ಟರ್ ಮೇಲೆ ಓಡಬೇಕೆಂಬ ಆಸೆ, ಎಸಿಯ ಬಿಲ್ ಭರಿಸಲಾಗದ ಜೇಬು: ನನ್ನ ತೂಕವನ್ನು ಕೂಲರ್ ಕಡೆ ವಾಲಿಸಿದ್ದು ಇವೂ ಹೌದು. ವಾರಕ್ಕೊಂದು ಬೆಳಿಗ್ಗೆ ಟ್ಯಾಂಕ್ ಉಜ್ಜಲು ಆಗದವರು ಕೂಲರ್ ಬಿಟ್ಟು, ಎಸಿಗೆ ಎಕ್ಸಾಸ್ಟ್ ಜೋಡಿಸಿಕೊಳ್ಳಲಿ.